ಸೇಬಿಗೊಂದು ಬೆಲ್ಲದ ಆಣ

ನಾನು ಚಿಕ್ಕವನಿದ್ದಾಗ ಧಾರವಾಡದ ನಮ್ಮ ಮನೆಗೆ ಸೇಬುಹಣ್ಣು ಬಂತೆಂದರೆ ಬಳಗದಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂದೇ ಅರ್ಥ. ದವಾಖಾನೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಒಂದು ಬ್ರೆಡ್ಡು, ಒಂದು ಬಿಸ್ಕಿಟ್ ಪುಡಾ, ನಾಲ್ಕು ಸೇಬು ಒಯ್ಯುವುದು ರೂಢಿಯಾಗಿತ್ತು. ಮರಳಿ ಹೊರಟಾಗ ರೋಗಿಯ ಕಡೆಯವರು ಅದರಲ್ಲೇ ಎರಡನ್ನು ಎತ್ತಿ, ಬೇಡವೆಂದರೂ ಬಿಡದೆ, ಹುಡುಗನಾದ ನನ್ನ ಕೈಗೆ ತುರುಕುತ್ತಿದ್ದರು. ಮಾವಿನಹಣ್ಣಿಗೆ ಸೀಕರಣೆಯಿತ್ತು, ಮಾವಿನಕಾಯಿಗೆ ಗುಳಂಬವಿತ್ತು, ನೆಲ್ಲಿಕಾಯಿಗೆ ಮೊರಬ್ಬವಿತ್ತು, ಪೇರಲಕ್ಕೆ ಉಪ್ಪು ಖಾರದ ಪುಡಿಯಿತ್ತು. ಸೇಬಿಗೆ ಮಾತ್ರ ಚಾಕುವಿನ ಹೊರತು ಬೇರೆ ಯಾವ ಸಂಸ್ಕಾರವೂ ನಮ್ಮಲ್ಲಿರಲಿಲ್ಲ. ಎಲ್ಲಿಂದಲೋ ಬಂದ ತುಟ್ಟಿ ಹಣ್ಣದು. ಹೋಳು ಮಾಡಿ, ಎಲ್ಲರಿಗೂ ಲೆಕ್ಕ ಹಾಕಿ ಹಂಚಿ, ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅದನ್ನು ಒಲೆಗೆ ಏರಿಸುವ ವಿಚಾರ ಯಾರ ತಲೆಯಲ್ಲೂ ಬಂದಿರಲಾರದು.

ಆದ್ದರಿಂದ, ಅರವತ್ತು ದಾಟಿದ ಮೇಲೆ ಒಂದು ಆಷಾಢದ ಮಧ್ಯಾಹ್ನ ನಾಲ್ಕು ಸೇಬಿನ ನಡುವಿನ ಗುಂಡಿ ಕೊರೆದು, ಅದರೊಳಗೆ ಕೊಬ್ಬರಿ ಒಣದ್ರಾಕ್ಷಿ ತುಂಬಿ, ಮಸಾಲೆಯ ಪಾಕ ಸುರಿದು ಸುಡಲು ನಿಂತಾಗ, ಅಡುಗೆಮನೆಯ ಬಾಗಿಲಿಗೆ ಒರಗಿ ಕುಳಿತಿದ್ದ ಅವ್ವ ಕೇಳಿದ್ದು ಸಹಜವೇ ಆಗಿತ್ತು: “ಹಲ್ಲಿಲ್ಲದಾಕಿ ನಾನ ಹಸೀದ ತಿಂತೀನಿ. ನೀ ಯಾಕ ಬೇಸಾಕ ಹೊಂಟಿ?”

ಇದಕ್ಕೆಲ್ಲ ಕಾರಣ ಮಗಳು ಬಿಟ್ಟುಹೋದ 28 ಲೀಟರಿನ ಓಟಿಜಿ, ಅಂದರೆ ಕರೆಂಟಿನಿಂದ ಕಾಯುವ ಪುಟ್ಟ ಓವನ್. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ವರ್ಷವೇ ಅವಳು ನೌಕರಿ ಹಿಡಿದು ಪುಣೆಗೆ ಹೋದಳು; ಹೋಗುವಾಗ ತಾನು ಎರಡೇ ಸಲ ಬಳಸಿದ್ದ ಆ ಪೆಟ್ಟಿಗೆಯನ್ನು ನಮ್ಮ ಮಾಳಮಡ್ಡಿಯ ಮನೆಯ ಅಡುಗೆ ಕಟ್ಟೆಯ ಮೇಲೆ ಇಟ್ಟು ಹೋದಳು. ಹೆಂಡತಿ ಇನ್ನೂ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಹೀಗಾಗಿ ಮಧ್ಯಾಹ್ನದ ಅಡುಗೆಮನೆ ನನಗೂ ಎಂಬತ್ತರ ಹತ್ತಿರವಿರುವ ಅವ್ವನಿಗೂ ಸೇರಿದ್ದು. ನಮ್ಮ ಮನೆಯೊಳಗೆ ತತ್ತಿ ಬರುವುದಿಲ್ಲ, ತತ್ತಿಯಿಲ್ಲದೆ ಕೇಕು ಮಾಡುವುದೆಂದರೆ ಅದು ಬೇರೆಯೇ ಒಂದು ಕಸರತ್ತು. ಸುಟ್ಟ ಸೇಬಿಗೆ ತತ್ತಿಯೂ ಬೇಡ, ಹಿಟ್ಟೂ ಬೇಡ, ಉಬ್ಬಿಸುವ ಪುಡಿಯೂ ಬೇಡ. ಚಳಿಯ ದೇಶಗಳವರು ಇದನ್ನು ಮನೆಮನೆಯಲ್ಲೂ ಮಾಡುತ್ತಾರೆ; ಜರ್ಮನಿಯಲ್ಲಿ ಕ್ರಿಸ್‌ಮಸ್ಸಿನ ದಿನಗಳಲ್ಲಿ ಬದಾಮಿ, ಒಣದ್ರಾಕ್ಷಿ, ದಾಲ್ಚಿನ್ನಿ ತುಂಬಿದ ಸೇಬನ್ನು ಸುಟ್ಟು ತಿನ್ನುವ ವಾಡಿಕೆಯಿದೆ, ಅದಕ್ಕೆ ಬ್ರಾಟ್‌ಆಪ್‌ಫೆಲ್ ಎನ್ನುತ್ತಾರೆ. ಜರ್ಮನ್ ಮಾತನಾಡುವ ಬಾಸೆಲ್ ಮಿಶನ್ನಿನವರು 1837ರಷ್ಟು ಹಿಂದೆಯೇ ಧಾರವಾಡಕ್ಕೆ ಬಂದು ನೆಲೆಸಿ, ಶಾಲೆ ಕಟ್ಟಿ, ಕನ್ನಡ ಕಲಿತರು. ಅವರ ಭಾಷೆಯ ಈ ಸಿಹಿ ತಿನಿಸು ನಮ್ಮ ಮನೆಯ ಕಟ್ಟೆ ಏರಲು ಓಟಿಜಿಯೇ ಬರಬೇಕಾಯಿತು.

ಓವನ್ ಎನ್ನುವುದು ನಮಗೆ ಹೊಸದಾದರೂ ಭಟ್ಟಿ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ದೀಪಾವಳಿ ಹತ್ತಿರ ಬಂದಾಗ ಅವ್ವ ಮೈದಾ, ಸಕ್ಕರೆ, ಡಾಲ್ಡಾಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಟ್ಟು ನನ್ನನ್ನು ಬೇಕರಿಯ ಭಟ್ಟಿಗೆ ಕಳಿಸುತ್ತಿದ್ದಳು. ಅಲ್ಲಿ ಓಣಿಯ ಅರ್ಧ ಹುಡುಗರು ತಮ್ಮ ತಮ್ಮ ಡಬ್ಬಿ ಹಿಡಿದು ಪಾಳಿ ಹಚ್ಚಿ ನಿಂತಿರುತ್ತಿದ್ದರು. ನಾನಕಟಾಯಿಯ ಉಂಡೆಗಳನ್ನು ತಗಡಿನ ಮೇಲೆ ಸಾಲಾಗಿ ಇಟ್ಟು, ಉದ್ದನೆಯ ಕಟ್ಟಿಗೆಯ ಹಿಡಿಕೆಯಿಂದ ಭಟ್ಟಿಯ ಕತ್ತಲೆಯೊಳಗೆ ತಳ್ಳುತ್ತಿದ್ದವನು ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಬಾಗಿಲ ಬಳಿ ಮುಖ ಒಯ್ದು ಒಮ್ಮೆ ವಾಸನೆ ಹಿಡಿದನೆಂದರೆ ತಗಡು ಹೊರಗೆ ಬರುತ್ತಿತ್ತು. ಆ ವಾಸನೆಯ ಲೆಕ್ಕ ನನಗೆ ಆಗ ಆಟವಾಗಿ ಕಂಡಿತ್ತು. ಈಗ ಗಾಜಿನ ಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಾಗಲೇ ಅದು ಎಂಥ ವಿದ್ಯೆಯೆಂದು ಗೊತ್ತಾಗುತ್ತಿದೆ.

ಮೊದಲ ಪ್ರಯತ್ನದಲ್ಲಿ ಬಂದ ವಾಸನೆ ಸೇಬಿನದೂ ಅಲ್ಲ, ದಾಲ್ಚಿನ್ನಿಯದೂ ಅಲ್ಲ, ಪ್ಲಾಸ್ಟಿಕ್ಕಿನದು. ನಮ್ಮ ಅಡುಗೆಮನೆಯಲ್ಲಿ ಮಿಕ್ಸರಿಗೆಂದು ಹಾಕಿಸಿದ್ದ ಸಣ್ಣ ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಬೋರ್ಡು ಸಿಕ್ಕಿಸಿ, ಅದಕ್ಕೆ 1500 ವಾಟಿನ ಓವನ್ ಜೋಡಿಸಿದ್ದೆ. 230 ವೋಲ್ಟಿನಲ್ಲಿ ಅದು ಆರೂವರೆ ಆಂಪಿಯರ್ ಎಳೆಯುತ್ತದೆ ಎಂಬ ಭಾಗಾಕಾರವನ್ನು ಬೋರ್ಡಿನ ಮೂತಿ ಕರಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಾಡಿದೆ. ಜೀವಮಾನವೆಲ್ಲ ಲೆಕ್ಕ ಬರೆದವನಿಗೆ ಇದು ಶೋಭಿಸುವ ಮಾತಲ್ಲ. ಮರುದಿನ ವೈರಿಂಗಿನವನನ್ನು ಕರೆಸಿ 16 ಆಂಪಿಯರಿನ ಪಾಯಿಂಟು ಹಾಕಿಸಿಕೊಂಡ ಮೇಲೆಯೇ ಕೆಲಸ ಮುಂದುವರಿಯಿತು.

ಎರಡನೆಯ ಸಲ ಸೇಬು ಕೈಕೊಟ್ಟಿತು. ಸುಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರಿನ ಪೇಟೆಯ ಗಾಡಿಯವನ ಬಳಿ ಎಲ್ಲಕ್ಕಿಂತ ಕೆಂಪಗೆ, ಎಲ್ಲಕ್ಕಿಂತ ಹೊಳೆಯುತ್ತಿದ್ದ ಹಣ್ಣುಗಳನ್ನೇ ಆರಿಸಿ ತಂದಿದ್ದೆ. ಅರ್ಧ ತಾಸಿನೊಳಗೆ ಒಂದರ ಸಿಪ್ಪೆ ಮೇಲಿಂದ ಕೆಳಗಿನವರೆಗೆ ಸೀಳಿತು. ಇನ್ನೊಂದು ಕುಸಿದು ಕುಳಿತಿತು. ಉಳಿದವೆರಡು ನೋಡಲು ಚೆನ್ನಾಗಿದ್ದರೂ ಬಾಯಿಗೆ ಹಾಕಿದರೆ ಬೇಯಿಸಿದ ಆಲೂಗಡ್ಡೆಯ ಹಾಗೆ ಹಿಟ್ಟುಹಿಟ್ಟಾಗಿದ್ದವು, ಹುಳಿಯ ಸುಳಿವೇ ಇರಲಿಲ್ಲ. ಅವ್ವ ಒಂದು ಚಮಚ ತಿಂದು, “ಜ್ವರ ಬಂದವ್ರಿಗೆ ಚಲೋ ಆಗತೈತಿ” ಎಂದು ತಟ್ಟೆ ಸರಿಸಿದಳು. ಸೇಬಿನ ಹಳೆಯ ಕೆಲಸ ಅದಕ್ಕೇ ತಿರುಗಿ ಬಂದಂತಾಯಿತು.

ಹಣ್ಣು ಸೀಳುವುದಕ್ಕೆ ಕಾರಣ ಸರಳವಾದದ್ದು. ಸೇಬಿನ ಗಾತ್ರದಲ್ಲಿ ಸುಮಾರು ಕಾಲುಭಾಗ ಬರೀ ಗಾಳಿ. ನೀರಿನ ಬಕೆಟ್ಟಿಗೆ ಹಾಕಿದರೆ ಅದು ತೇಲುವುದು ಅದಕ್ಕಾಗಿಯೇ. ಉಳಿದದ್ದರಲ್ಲಿ ಬಹುಪಾಲು ನೀರು. ಕಾವು ಏರಿದಂತೆ ಗಾಳಿ ಹಿಗ್ಗುತ್ತದೆ, ನೀರು ಆವಿಯಾಗುತ್ತದೆ, ಹೊರಗಿನ ಸಿಪ್ಪೆ ಮಾತ್ರ ಹಿಗ್ಗಲು ಒಲ್ಲದೆ ಬಿಗಿದುಕೊಂಡಿರುತ್ತದೆ. ಹಾಗಾಗಿ ಹಣ್ಣಿನ ಹೆಗಲಿನ ಸುತ್ತ ಒಂದು ಬೆರಳಗಲದ ಸಿಪ್ಪೆಯನ್ನು ಹೆರೆದು ತೆಗೆದುಬಿಟ್ಟರೆ ಆವಿಗೆ ದಾರಿ ಸಿಗುತ್ತದೆ, ಕೆಳಗಿನ ಸಿಪ್ಪೆ ಬಟ್ಟಲಿನಂತೆ ತಿರುಳನ್ನು ಹಿಡಿದುಕೊಂಡಿರುತ್ತದೆ. ಹಿಟ್ಟಾಗುವುದರ ಕಾರಣ ಬೇರೆ. ತಾಜಾ ಸೇಬನ್ನು ಕಚ್ಚಿದಾಗ ತಿರುಳಿನ ಕಣಗಳು ಒಡೆದು ರಸ ಚಿಮ್ಮುತ್ತದೆ. ಬಹಳ ದಿನ ಬೆಚ್ಚಗೆ ಕುಳಿತ ಹಣ್ಣಿನಲ್ಲಿ ಆ ಕಣಗಳನ್ನು ಒಂದಕ್ಕೊಂದು ಅಂಟಿಸಿದ್ದ ಪೆಕ್ಟಿನ್ ಎಂಬ ಅಂಟು ಸಡಿಲಾಗಿರುವುದರಿಂದ ಅವು ಒಡೆಯದೆ, ರಸವನ್ನು ಒಳಗೇ ಇಟ್ಟುಕೊಂಡು, ಬರೀ ಬಿಡಿಬಿಡಿಯಾಗಿ ಜಾರುತ್ತವೆ. ನಾಲಗೆಗೆ ಅದು ಒಣಹಿಟ್ಟಿನಂತೆ ತೋರುತ್ತದೆ. ಅಂಥ ಹಣ್ಣನ್ನು ಓವನ್ನಿಗೆ ಇಟ್ಟರೆ ಇನ್ನಷ್ಟು ಹಿಟ್ಟಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಸಿಹಿ ಹೆಚ್ಚು, ಹುಳಿ ಕಡಿಮೆ ಎಂಬುದಕ್ಕೆ ಮಾತ್ರ ಗಾಡಿಯವನನ್ನಾಗಲಿ ನನ್ನ ಆಯ್ಕೆಯನ್ನಾಗಲಿ ದೂರಿ ಫಲವಿಲ್ಲ. ಅದರ ಹಿಂದೆ ನೂರು ವರ್ಷಗಳ ಕಥೆಯಿದೆ. ಹಿಮಾಲಯದ ಬೆಟ್ಟಗಳಲ್ಲಿ ಇಂಗ್ಲಿಷರು ಮೊದಲು ಬೆಳೆದದ್ದು ತಮ್ಮ ನಾಡಿನ ಹುಳಿ ಸೇಬುಗಳನ್ನು. 1904ರಲ್ಲಿ ಅಮೆರಿಕದಿಂದ ಬಂದು ಶಿಮ್ಲಾ ಹತ್ತಿರದ ಕೋಟಗಢದ ಕಡೆ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು 1916ರಲ್ಲಿ ರೆಡ್ ಡೆಲಿಷಿಯಸ್ ತಳಿಯ ಸಸಿಗಳನ್ನು ಅಮೆರಿಕದಿಂದ ತರಿಸಿ ನೆಟ್ಟರು. ಮುಂದೆ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದ ಎಂದು ಹೆಸರಿಟ್ಟುಕೊಂಡ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದ ಈ ಮನುಷ್ಯ ಆ ಬೆಟ್ಟದ ರೈತರಿಗೆ ಅನ್ನದ ದಾರಿಯನ್ನೇ ತೋರಿಸಿದರು. ಕೆಂಪು ಬಣ್ಣ, ಬರೀ ಸಿಹಿ, ಹಸಿಯಾಗಿಯೇ ತಿನ್ನಲು ಹದವಾದದ್ದು: ನಮ್ಮ ಜನ ಸೇಬೆಂದರೆ ಇದೇ ಎಂದು ಒಪ್ಪಿಕೊಂಡರು. ದವಾಖಾನೆಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇರುತ್ತಿದ್ದದ್ದು ಈ ಮನೆತನದ ಹಣ್ಣೇ. ಬೇಯಿಸುವವರಿಗೆ ಬೇಕಾದ ಹುಳಿ ಅದರಲ್ಲಿಲ್ಲ. ಇಂದು ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಸಿಗುತ್ತದೆ. 1868ರಲ್ಲಿ ಆಸ್ಟ್ರೇಲಿಯಾದ ಮರಿಯಾ ಆ್ಯನ್ ಸ್ಮಿತ್ ಎಂಬ ಅಜ್ಜಿಯ ಹೊಲದಲ್ಲಿ ತಾನಾಗಿಯೇ ಹುಟ್ಟಿದ ಗಿಡದ ಸಂತಾನವದು. ಗಟ್ಟಿಯಾಗಿರುತ್ತದೆ, ಹುಳಿಯಾಗಿರುತ್ತದೆ, ಓವನ್ನಿನಲ್ಲಿ ಆಕಾರ ಬಿಡುವುದಿಲ್ಲ. ಆದರೆ ಒಂದು ಹಣ್ಣಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಡಜನ್ ಬಾಳೆಹಣ್ಣು ಬರುವಾಗ ನನ್ನ ಕೈ ಅದರ ಕಡೆ ಸುಲಭವಾಗಿ ಹೋಗುವುದಿಲ್ಲ. ಶ್ರಾವಣದ ಹೊತ್ತಿಗೆ ಹಿಮಾಚಲದಿಂದ ಹೊಸ ಸುಗ್ಗಿಯ ಹಣ್ಣು ಬಂದಿರುತ್ತದೆ. ಅದರಲ್ಲಿ ಪೂರ್ತಿ ಕೆಂಪಾಗದ, ಬೆರಳಿನಿಂದ ಚಿಮ್ಮಿದರೆ ಗಟ್ಟಿ ಸದ್ದು ಬರುವ ಸಣ್ಣ ಹಣ್ಣುಗಳನ್ನು ಆರಿಸಿ, ಹುಳಿಯ ಕೊರತೆಯನ್ನು ನಿಂಬೆಹಣ್ಣಿನಿಂದ ತುಂಬಿಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಗಾಡಿಯವನು ಹೊಳೆಯುವುದನ್ನು ಬಿಟ್ಟು ಇಂಥದ್ದನ್ನು ಆರಿಸುವ ಗಿರಾಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾನೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹಣ್ಣಿನ ಮೇಲೆ ಸುರಿಯುವ, ಸುಟ್ಟ ಮೇಲೆ ಅರಗಿನಂತೆ ಹೊಳೆಯುವ ಆ ಮಸಾಲೆಯ ಲೇಪಕ್ಕೆ ಪಾಕದ ಪುಸ್ತಕಗಳು ಗ್ಲೇಜ್ ಎನ್ನುತ್ತವೆ. ಮಗಳು ಕಳಿಸಿದ್ದ ವಿಧಾನದಲ್ಲಿ ಕಂದು ಸಕ್ಕರೆ, ಬೆಣ್ಣೆ, ಕೆನೆ, ದಾಲ್ಚಿನ್ನಿ ಪುಡಿ ಎಂದಿತ್ತು. ಕಂದು ಸಕ್ಕರೆ ಎಂದರೆ ಹೆಚ್ಚುಕಡಿಮೆ ಕಾಕಂಬಿ ಬೆರೆತ ಸಕ್ಕರೆ. ಅದನ್ನು ಹುಡುಕಿಕೊಂಡು ಹೋಗುವ ಬದಲು ಮನೆಯಲ್ಲಿದ್ದ ಪೆಂಟೆ ಬೆಲ್ಲವನ್ನೇ ಜಜ್ಜಿ ಹಾಕಿದೆ. ಇಲ್ಲಿಯವರೆಗೆ ಸರಿಯಾಗಿತ್ತು. ಬೆಲ್ಲ ಕರಗಿ ಕುದಿಯತೊಡಗಿದಾಗ ವಿಧಾನದಲ್ಲಿ ಹೇಳಿದಂತೆ ಅರ್ಧ ಬಟ್ಟಲು ಕೆನೆ ಸುರಿದೆ. ಕ್ಷಣದಲ್ಲಿ ಅದು ಒಡೆದು, ಕಂದು ನೀರಿನಲ್ಲಿ ಬಿಳಿಯ ಚೂರುಗಳು ತೇಲತೊಡಗಿದವು.

“ಕುದಿಯೋ ಬೆಲ್ಲಕ್ಕ ಹಾಲು ಹಾಕ್ತಾರೇನೋ ತಮ್ಮಾ? ಇಷ್ಟ್ ವರ್ಷ ಪಾಯಸ ಉಂಡೀದಿ, ಒಂದ್ ಸಲನಾದ್ರೂ ಒಲಿ ಕಡೆ ನೋಡಿಯೇನು?”

ನೋಡಿರಲಿಲ್ಲ. ಬೆಲ್ಲದಲ್ಲಿ ಇರುವ ಹುಳಿಯಂಶ ಮತ್ತು ಲವಣಗಳು ಕಾವಿನ ಜೊತೆ ಸೇರಿದಾಗ ಹಾಲು ಒಡೆಯುತ್ತದೆ. ಹಾಗಾಗಿಯೇ ನಮ್ಮ ಹೆಂಗಸರು ಬೆಲ್ಲದ ಪಾಯಸವನ್ನು ಇಳಿಸಿ, ಆರಿಸಿ, ಆಮೇಲೆ ಹಾಲು ಬೆರೆಸುತ್ತಾರೆ. ಪುಸ್ತಕದವರಿಗೆ ಈ ತೊಂದರೆ ಬಂದಿರಲಾರದು, ಏಕೆಂದರೆ ಅವರು ಬಳಸುವ ಸಕ್ಕರೆ ಕಾರ್ಖಾನೆಯಲ್ಲಿ ತೊಳೆದು ಹದಮಾಡಿದ್ದು, ಅವರ ಕೆನೆಯೂ ಬಹಳ ದಪ್ಪ. ನಾನು ಸಾಮಾನು ಬದಲಿಸಿದೆ, ವಿಧಾನ ಬದಲಿಸಲಿಲ್ಲ. ಕೆನೆಯನ್ನು ಅಂದಿನಿಂದ ಕೈಬಿಟ್ಟೆ. ಅದರ ಜಾಗದಲ್ಲಿ ತುಪ್ಪ ಬಂತು. ನನ್ನ ಅಭಿಪ್ರಾಯದಲ್ಲಿ ಬೆಲ್ಲಕ್ಕೆ ತುಪ್ಪಕ್ಕಿಂತ ಒಳ್ಳೆಯ ಜೊತೆಯೂ ಇಲ್ಲ.

ಅದರ ಮುಂದಿನ ವಾರ ಉಷ್ಣಮಾಪಕ ಕೊಂಡೆ. ಸಕ್ಕರೆ ಪಾಕದ ಹಂತಗಳಿಗೆಲ್ಲ ಪಾಶ್ಚಾತ್ಯ ಅಡುಗೆಯಲ್ಲಿ ಡಿಗ್ರಿಯ ಲೆಕ್ಕವಿದೆ: 112 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಎಳೆ ಮುಗಿದು ಮೆತ್ತನೆಯ ಉಂಡೆಯಾಗುತ್ತದೆ, 150ರ ಸುಮಾರಿಗೆ ಗಾಜಿನಂತೆ ಮುರಿಯುತ್ತದೆ. ಅಂಕಿಗಳೆಂದರೆ ನನಗೆ ನೆಮ್ಮದಿ. ಕಡ್ಡಿಯನ್ನು ಕಡಾಯಿಯಲ್ಲಿ ಇಳಿಬಿಟ್ಟು, 112 ತೋರಿಸುವವರೆಗೂ ಕಾದು ಇಳಿಸಿದೆ. ಸೇಬಿನ ಮೇಲೆ ಸುರಿದಾಗ ಸುಂದರವಾಗಿಯೇ ಇತ್ತು. ತಟ್ಟೆಗೆ ಬಂದು ಆರಿದ ಮೇಲೆ ಚಮಚಕ್ಕೆ ಅಂಟಿಕೊಂಡು, ಹಲ್ಲಿಗೆ ಅಂಟಿಕೊಂಡು, ಅವ್ವನ ಕಟ್ಟಿಸಿಕೊಂಡ ಹಲ್ಲನ್ನು ಕಿತ್ತೇಬಿಡುವ ಹಂತಕ್ಕೆ ಹೋಯಿತು. ತಪ್ಪಿದ್ದು ಎಲ್ಲಿ ಎಂದು ಆಮೇಲೆ ಲೆಕ್ಕ ಹಾಕಿದೆ. ಆ ಡಿಗ್ರಿಗಳೆಲ್ಲ ಸಮುದ್ರಮಟ್ಟದವು. ಧಾರವಾಡ 700 ಮೀಟರಿಗೂ ಮಿಕ್ಕಿದ ಎತ್ತರದಲ್ಲಿದೆ. ಮುನ್ನೂರು ಮೀಟರು ಏರಿದರೆ ನೀರಿನ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ನಮ್ಮಲ್ಲಿ ನೀರು ಕುದಿಯುವುದೇ 97 ಅಥವಾ 98ಕ್ಕೆ. ಪಾಕದ ಲೆಕ್ಕವೂ ಅಷ್ಟೇ ಕೆಳಗಿಳಿಯಬೇಕು. ಅಂದರೆ ಪುಸ್ತಕದ 112 ನಮ್ಮ ಮಾಳಮಡ್ಡಿಯಲ್ಲಿ 110ಕ್ಕಿಂತ ಮೊದಲೇ ಬಂದು ಹೋಗಿರುತ್ತದೆ. ಅದರ ಮೇಲೆ ದಪ್ಪ ತಳದ ಕಡಾಯಿ ಒಲೆಯಿಂದ ಇಳಿಸಿದ ಮೇಲೂ ಪಾಕವನ್ನು ಕಾಯಿಸುತ್ತಲೇ ಇರುತ್ತದೆ.

ಆ ಹೊತ್ತಿಗೆ ಪಂಚಮಿ ಹಬ್ಬ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿಯೆಂದರೆ ಜೋಕಾಲಿ ಮತ್ತು ಉಂಡಿ. ಅವ್ವ ಈಗ ಹೆಚ್ಚು ಹೊತ್ತು ನಿಲ್ಲಲಾರಳು. ಆದರೂ ಶೇಂಗಾ ಉಂಡಿ, ಎಳ್ಳುಂಡಿಗಳ ಆಣವನ್ನು ಮಾತ್ರ ಇನ್ನೊಬ್ಬರ ಕೈಗೆ ಬಿಡುವುದಿಲ್ಲ. ಆಣ ಎಂದರೆ ಬೆಲ್ಲದ ಪಾಕ. ಹದ ತಪ್ಪಿದರೆ ಉಂಡಿ ಕಟ್ಟಲು ಬಾರದೆ ಉದುರುತ್ತದೆ, ಇಲ್ಲವೆ ಕಲ್ಲಾಗುತ್ತದೆ; ನಡುವೆ ಇರುವ ಅವಕಾಶ ಅರ್ಧ ನಿಮಿಷದ್ದು. ನನ್ನ ಉಷ್ಣಮಾಪಕವನ್ನು ನೋಡಿ, “ಆ ಕಡ್ಡಿ ಅತ್ಲಾಗ ಇಡು. ಬಟ್ಟಲದಾಗ ತಣ್ಣೀರ ತಗೊಂಡ ಬಾ” ಎಂದಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಮೊಟ್ಟಮೊದಲ ಬಾರಿಗೆ ಹತ್ತಿರದಿಂದ ನೋಡಿದೆ. ಕರಗಿದ ಬೆಲ್ಲವನ್ನು ಮೊದಲು ಸೋಸಿ, ಕಸರು ತೆಗೆದು, ಮತ್ತೆ ಒಲೆಗಿಟ್ಟಳು. ಮೊದಲು ದೊಡ್ಡ ನೊರೆ ಎದ್ದು, ಕಡಾಯಿಯ ಅಂಚಿನವರೆಗೂ ಬಂತು. ಅದು ಹಾಗೆಯೇ ಇಳಿದು, ಗುಳ್ಳೆಗಳು ಸಣ್ಣವಾಗಿ, ಒತ್ತೊತ್ತಾಗಿ, ಅವುಗಳ ಸದ್ದು ಬದಲಾಯಿತು. ನೀರಿರುವವರೆಗೆ ಬರುತ್ತಿದ್ದ ಕೊತಕೊತ ಸದ್ದು ನಿಂತು, ದಪ್ಪನೆಯ ಒಂದು ಬಗೆಯ ಗೊಣಗು ಶುರುವಾಗುವ ಹೊತ್ತಿಗೆ ಅವಳು ಸೌಟಿನ ತುದಿಯಿಂದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟಳು. ಹನಿ ಕರಗಿತು. ಎಣಿಸಿದಂತೆ ಹತ್ತು ಉಸಿರು ಬಿಟ್ಟು ಇನ್ನೊಂದು ಹನಿ. ಅದು ತಳಕ್ಕೆ ಹೋಗಿ ಹರಡಿಕೊಂಡಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ತೆಗೆದಾಗ ಒಂದು ಎಳೆ ಎದ್ದು, ಅಕ್ಕಿಕಾಳಿನಷ್ಟು ಉದ್ದ ನಿಂತು, ತುಂಡಾಯಿತು. “ಇದು ನಿನ್ನ ಸೇಬಿಗೆ” ಎಂದು ಎರಡು ಸೌಟು ಬೇರೆ ಪಾತ್ರೆಗೆ ಹಾಕಿಕೊಟ್ಟಳು. ಉಳಿದದ್ದನ್ನು ಉಂಡಿಗೆಂದು ಮುಂದೆ ಕಾಯಿಸಿದಳು. ಬಟ್ಟಲಿನ ತಣ್ಣೀರಿಗೆ ಸಮುದ್ರಮಟ್ಟವೂ ಇಲ್ಲ, ಕಡಾಯಿಯ ತಳದ ದಪ್ಪವೂ ಇಲ್ಲ. ಪಾಕ ಆರಿದ ಮೇಲೆ ಏನಾಗುತ್ತದೆಯೋ ಅದನ್ನೇ ಅದು ಆ ಕ್ಷಣದಲ್ಲಿ ತೋರಿಸುತ್ತದೆ. ನಾಲ್ಕು ವಾರ ನಾನು ಗ್ಲೇಜ್ ಎಂಬ ಹೊಸ ವಸ್ತುವನ್ನು ಕಲಿಯುತ್ತಿದ್ದೇನೆಂದು ತಿಳಿದಿದ್ದೆ. ಪ್ರತಿ ಪಂಚಮಿಗೆ ನಮ್ಮ ಮನೆಯಲ್ಲಿ ಆಗುವ ಆಣವೇ ಅದು, ಇಳಿಸುವ ಹೊತ್ತು ಮಾತ್ರ ಒಂದಿಷ್ಟು ಮುಂಚೆ.

ಗುಳಂಬವನ್ನು ನೆನೆದಿದ್ದರೆ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹುಳಿ ಮಾವಿನಕಾಯಿಯನ್ನು ತುರಿದು, ಬೆಲ್ಲ ಹಾಕಿ, ಎಳೆ ಬರುವವರೆಗೆ ಕುದಿಸಿ, ಏಲಕ್ಕಿ ಉದುರಿಸಿ ಇಳಿಸಿದರೆ ಗುಳಂಬ; ಚಪಾತಿಗೆ ಹಚ್ಚಿಕೊಂಡು ವರ್ಷವೆಲ್ಲ ತಿನ್ನಬಹುದು. ಹಣ್ಣಿನ ಹುಳಿ, ಬೆಲ್ಲದ ಸಿಹಿ, ಎಳೆಯ ಹದ, ಸಿಹಿಯ ಮಸಾಲೆ, ಎಲ್ಲವೂ ಅದರಲ್ಲಿವೆ. ಹುಳಿ ಅದರಲ್ಲಿ ಬರೀ ರುಚಿಗಲ್ಲ, ಬೆಲ್ಲ ಮತ್ತೆ ಸಕ್ಕರೆ ಕಟ್ಟಿ ಮರಳಾಗದಂತೆ ತಡೆಯುವುದೂ ಅದೇ. ಸೇಬಿನ ಆಣಕ್ಕೆ ಒಂದು ಚಮಚ ನಿಂಬೆರಸ ಹಿಂಡುವುದು ಈ ಎರಡೂ ಕಾರಣಗಳಿಗೆ.

ಮಸಾಲೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವೇ ಆಯಿತು. ಅವ್ವನ ಲೆಕ್ಕದಲ್ಲಿ ದಾಲ್ಚಿನ್ನಿ ಮಸಾಲೆ ಡಬ್ಬಿಯ ಸಾಮಾನು. ಸಿಹಿಗೆ ಹಾಕಿದರೆ ಪಲಾವಿನ ವಾಸನೆ ಬರುತ್ತದೆ. ಹೂರಣಕ್ಕೆ ಹಾಕುವ ಏಲಕ್ಕಿ, ಜಾಜಿಕಾಯಿ, ಒಣಶುಂಠಿಗಳೇ ಸಿಹಿಯ ಮಸಾಲೆ. ನಾನು ದಾಲ್ಚಿನ್ನಿಯ ಪರವಾಗಿ ವಾದಿಸಿದೆ; ಸೇಬಿಗೂ ದಾಲ್ಚಿನ್ನಿಗೂ ಇರುವ ನಂಟು ಪಲಾವಿಗಿಂತ ಹಳೆಯದು ಎಂಬುದು ನನ್ನ ಪಟ್ಟು. ಆದರೆ ಅವ್ವನ ಮಾತಿನಲ್ಲೂ ಒಂದು ಸತ್ಯವಿದೆ ಎಂದು ಆಮೇಲೆ ತಿಳಿಯಿತು. ಕಿರಾಣಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಯಾಸಿಯಾ ಎಂಬ ದಪ್ಪ ತೊಗಟೆ, ಅದರ ಘಾಟು ಜಾಸ್ತಿ. ಶ್ರೀಲಂಕಾದ ದಾಲ್ಚಿನ್ನಿ ಕಾಗದದಷ್ಟು ತೆಳುವಾಗಿ, ಸುರುಳಿಯೊಳಗೆ ಸುರುಳಿಯಾಗಿ, ಬೆರಳಲ್ಲೇ ಪುಡಿಯಾಗುವಂಥದ್ದು, ಅದರ ಕಂಪು ಮೃದುವಾದದ್ದು. ಇನ್ನೊಂದು ವಿಷಯ: ದಾಲ್ಚಿನ್ನಿಯ ಪುಡಿ ನೀರಿನಲ್ಲಿ ಕರಗುವುದಿಲ್ಲ, ಬದಲಿಗೆ ಲೋಳೆಯಾಗುತ್ತದೆ. ಆಣಕ್ಕೆ ಪುಡಿ ಹಾಕಿದರೆ ಹೊಳಪು ಹೋಗಿ ಕೆಸರಿನಂತೆ ಕಾಣುತ್ತದೆ. ಹಾಗಾಗಿ ಎರಡು ಇಂಚಿನ ಒಂದು ಚಕ್ಕೆ, ನಾಲ್ಕು ಲವಂಗಗಳನ್ನು ಬೆಲ್ಲ ಕರಗಿಸುವ ನೀರಿನಲ್ಲೇ ಹಾಕಿ ಐದು ನಿಮಿಷ ಕುದಿಸಿ, ಸೋಸುವಾಗ ಬೆಲ್ಲದ ಕಸರಿನ ಜೊತೆ ಅವನ್ನೂ ತೆಗೆದುಬಿಡುತ್ತೇನೆ. ಏಲಕ್ಕಿ, ಜಾಜಿಕಾಯಿಗಳು ಮಾತ್ರ ಇಳಿಸಿದ ಮೇಲೆ. ಅವುಗಳ ಕಂಪು ಕುದಿಯಲ್ಲಿ ಹಾರಿಹೋಗುತ್ತದೆ.

ಏಲಕ್ಕಿಯ ಮಾತು ಬಂದಾಗ ಹಾವೇರಿಯನ್ನು ಬಿಟ್ಟು ಮುಂದೆ ಹೋಗಲಾಗದು. ಹಾವೇರಿ ಏಲಕ್ಕಿ ಬೆಳೆಯುವ ಊರಲ್ಲ; ಮಲೆನಾಡಿನಿಂದ ಬಂದ ಏಲಕ್ಕಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಬಿಳುಪು ಮಾಡಿ ಮಾರುತ್ತಿದ್ದ ಊರು. ಅಲ್ಲಿಯ ಏಲಕ್ಕಿ ಹಾರ ಇಂದಿಗೂ ಹೆಸರುವಾಸಿ. 2023ರ ಜನವರಿಯಲ್ಲಿ ಅಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಅದರ ಮಾತು ಎಲ್ಲರ ಬಾಯಲ್ಲಿತ್ತು. ನನ್ನ ನಿವೃತ್ತಿಯ ದಿನ ಹಾವೇರಿಯ ಗೆಳೆಯರೊಬ್ಬರು ಹಾಕಿದ ಹಾರವೊಂದು ದೇವರ ಮನೆಯ ಮೊಳೆಗೆ ತೂಗಾಡುತ್ತಿದೆ. ಒಂದು ದಿನ ಡಬ್ಬಿಯಲ್ಲಿ ಏಲಕ್ಕಿ ಮುಗಿದಾಗ ಅದರಿಂದ ನಾಲ್ಕು ಕಾಯಿ ಕಿತ್ತು ಕುಟ್ಟಿದೆ. ಕಂಪು ಅಷ್ಟಕ್ಕಷ್ಟೇ. ಬಿಳುಪು ಮಾಡಿದ ಏಲಕ್ಕಿ ಕಣ್ಣಿಗೆ ಚೆಂದ, ಮೂಗಿಗೆ ಹಸಿರೇ ಮೇಲು. ಹಾರದಲ್ಲಿ ನಾಲ್ಕು ಕಾಯಿ ಕಡಿಮೆಯಾದದ್ದನ್ನು ಅವ್ವ ಇನ್ನೂ ಗಮನಿಸಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದಾಳೆ.

ಹೀಗೆ ನಾಲ್ಕಾರು ಸಲ ಕೆಡಿಸಿ ಈಗ ಒಂದು ಹದಕ್ಕೆ ಬಂದಿದ್ದೇನೆ. ತಲಾ 180 ಗ್ರಾಮಿನ ನಾಲ್ಕು ಸೇಬು ತೆಗೆದುಕೊಂಡು, ತೊಟ್ಟಿನ ಕಡೆಯಿಂದ ಬೀಜದ ಭಾಗವನ್ನು ಕೊರೆಯಬೇಕು. ಆದರೆ ತಳವನ್ನು ತೂತು ಮಾಡಬಾರದು, ಮಾಡಿದರೆ ಆಣವೆಲ್ಲ ಸೋರಿ ತಟ್ಟೆಗೆ ಹೋಗುತ್ತದೆ. ತುರಿದ ಒಣಕೊಬ್ಬರಿ, ಗೋಡಂಬಿ, ಒಣದ್ರಾಕ್ಷಿ, ಹುರಿದ ಗಸಗಸೆ, ಅಂದರೆ ಹೆಚ್ಚುಕಡಿಮೆ ಕರದಂಟಿನ ಸಾಮಾನುಗಳನ್ನೇ ಒಂದಿಷ್ಟು ತುಪ್ಪದಲ್ಲಿ ಕಲಸಿ ಒಳಗೆ ತುಂಬುತ್ತೇನೆ. ತಟ್ಟೆಯಲ್ಲಿ ಸೇಬುಗಳನ್ನಿಟ್ಟು ತಳಕ್ಕೆ ಅರ್ಧ ಬಟ್ಟಲು ನೀರು ಹಾಕಿ, ಮೊದಲೇ 180 ಡಿಗ್ರಿಗೆ ಕಾದ ಓವನ್ನಿನಲ್ಲಿ ಇಡುತ್ತೇನೆ. ಆಣಕ್ಕೆ 150 ಗ್ರಾಂ ಬೆಲ್ಲ, ಅರ್ಧ ಬಟ್ಟಲು ಮಸಾಲೆ ಕುದಿಸಿದ ನೀರು, ಎರಡು ಚಮಚ ತುಪ್ಪ, ಒಂದು ಚಮಚ ನಿಂಬೆರಸ, ಒಂದು ಚಿಟಿಕೆ ಒಣಶುಂಠಿ, ಒಂದು ಚಿಟಿಕೆ ಉಪ್ಪು. ಉಪ್ಪನ್ನು ಬಿಡಬಾರದು. ಓವನ್ ಇಲ್ಲದವರು ದಪ್ಪ ತಳದ ಕುಕ್ಕರಿನಲ್ಲಿ ಉಪ್ಪಿನ ಹಾಸು ಹಾಕಿ, ಸೀಟಿಯನ್ನೂ ರಬ್ಬರನ್ನೂ ತೆಗೆದು ಮಾಡಬಹುದು, ಹಣ್ಣು ಬೇಯುತ್ತದೆ. ಆದರೆ ಮೇಲಿನಿಂದ ಕಾವು ಬೀಳದಿರುವುದರಿಂದ ಹೊಳಪು ಬರುವುದಿಲ್ಲ.

ಆಣವನ್ನು ಮೊದಲೇ ಸುರಿಯಬಾರದು ಎಂಬುದು ನಾನು ಬಹಳ ತಡವಾಗಿ ಕಲಿತ ಪಾಠ. ಬೆಲ್ಲ ಸಕ್ಕರೆಗಿಂತ ಬೇಗ ಕರಕಲಾಗುತ್ತದೆ. ಮುಕ್ಕಾಲು ತಾಸು ಅದು ಓವನ್ನಿನಲ್ಲಿ ಇದ್ದರೆ ಕಹಿಯಾಗಿ, ತಟ್ಟೆಯನ್ನು ಮೂರು ದಿನ ನೆನೆಸಿದರೂ ಬಿಡುವುದಿಲ್ಲ. ಇಪ್ಪತ್ತೈದು ನಿಮಿಷ ಹಣ್ಣನ್ನು ಬರಿದೇ ಬೇಯಲು ಬಿಟ್ಟು, ಹೆರೆದ ಭಾಗ ಮೆತ್ತಗಾಗಿ ಬಣ್ಣ ತಿರುಗಿದಾಗ ಮೊದಲ ಸಲ ಎರಡೆರಡು ಚಮಚ ಸುರಿಯುತ್ತೇನೆ. ಆಣ ಅಲ್ಲಿಂದ ಜಾರಿ ಕೆಳಗಿಳಿದು, ಹಣ್ಣು ಬಿಟ್ಟ ರಸದೊಂದಿಗೆ ಸೇರಿ ತೆಳ್ಳಗಾಗುತ್ತದೆ. ಒಂದೆಳೆಯ ಹದಕ್ಕೆ ಇಳಿಸಿದ್ದು ನೀರಾಯಿತಲ್ಲ ಎಂದು ಆಗ ಗಾಬರಿಯಾಗಬಾರದು. ಏಳೆಂಟು ನಿಮಿಷ ಬಿಟ್ಟು ತಟ್ಟೆಯ ಆ ರಸವನ್ನೇ ಚಮಚದಲ್ಲಿ ಎತ್ತಿ ಮತ್ತೆ ಹಣ್ಣಿನ ಮೇಲೆ ಹನಿಸಬೇಕು. ಎರಡನೆಯ ಸಲಕ್ಕೆ ಅದು ಹಣ್ಣಿನ ಮೇಲೆ ಕ್ಷಣಕಾಲ ನಿಂತು ಜಾರುತ್ತದೆ. ಮೂರನೆಯ ಸಲ ಜಾರಲು ಮನಸ್ಸಿಲ್ಲದಂತೆ ಅಲ್ಲಲ್ಲಿ ನಿಂತುಬಿಡುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು, ಒಣಕೊಬ್ಬರಿಯ ತುದಿಗಳು ಕೆಂಪಾಗಿ, ಅಡುಗೆಮನೆ ದಾಟಿ ಪಡಸಾಲೆಯವರೆಗೂ ವಾಸನೆ ಹೋದಾಗ ಗಡಿಯಾರ ಎಷ್ಟೇ ತೋರಿಸಲಿ, ನಾನು ಬಾಗಿಲು ತೆರೆಯುತ್ತೇನೆ. ಹೊರತೆಗೆದ ಕೂಡಲೇ ತಿನ್ನಲು ಹೋಗಬಾರದು. ಒಳಗಿನ ಒಣದ್ರಾಕ್ಷಿ ಬೆಂಕಿಯ ಕೆಂಡದ ಹಾಗಿರುತ್ತದೆ. ಹದಿನೈದು ನಿಮಿಷ ಆರಿದ ಮೇಲೆಯೇ ಆಣ ಹಣ್ಣಿಗೆ ಅಪ್ಪಿಕೊಂಡು ಹೊಳೆಯತೊಡಗುತ್ತದೆ.

ಮೊನ್ನೆ ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಹೆಂಡತಿ ಶಾಲೆಯಿಂದ ಬಂದು ಕೊಡೆಯನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟು ಒಳಗೆ ಬರುವ ಹೊತ್ತಿಗೆ ನಾಲ್ಕೂ ಸೇಬುಗಳು, ಒಂದೂ ಸೀಳದೆ, ತಟ್ಟೆಯಲ್ಲಿ ಕುಳಿತಿದ್ದವು. ಒಂದನ್ನು ಅವ್ವನಿಗೆ ಬಟ್ಟಲಿನಲ್ಲಿ ಹಾಕಿಕೊಟ್ಟೆ. ಅವಳು ಚಮಚದಿಂದ ತಿರುಳನ್ನೆಲ್ಲ ತಿಂದು, ಸಿಪ್ಪೆಯನ್ನು ಪಕ್ಕಕ್ಕಿಟ್ಟು, ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ನಾನು ನೀರಿಗೆಂದು ಹಿಂದೆ ಹೋದಾಗ, ಬೆಳಗಿನ ಚಪಾತಿಯ ತುಂಡೊಂದರಿಂದ ಓವನ್ನಿನ ತಟ್ಟೆಯ ಮೂಲೆಗಳಲ್ಲಿ ಉಳಿದಿದ್ದ ಆಣವನ್ನು ಒರೆಸಿ ಒರೆಸಿ ಬಾಯಿಗಿಡುತ್ತಿದ್ದಳು.

“ನಿನ್ನ ಸೇಬಿಗಿಂತ ಇದ ಚಲೋ ಐತಿ” ಎಂದಳು. “ಇನ್ನೊಂದ್ ಚಪಾತಿ ಐತೇನು ನೋಡು.”